ಒಣಗದ ನೀಲಿ

ನಾನು ಬಣ್ಣ ಹೊಡೆದ ಕಾರನ್ನು ನೋಡಲಿಕ್ಕೆಂದು ಹರಿಹರದ ಸೇತುವೆಯ ಕೆಳಗೆ ತುಂಗಭದ್ರೆ ಒಂದು ಗಳಿಗೆ ಹರಿಯುವುದನ್ನೇ ನಿಲ್ಲಿಸಿದ್ದಳು. ಮೀನುಗಳೆಲ್ಲ ನೀರಿನಿಂದ ತಲೆ ಎತ್ತಿ, ದಾರಿ ಬಿಡ್ರಿ ದಾರಿ ಬಿಡ್ರಿ ಎಂದು ಒಂದನ್ನೊಂದು ನೂಕಾಡಿದವು. ನಂಬದವರು ದಾವಣಗೆರೆಯ ಶಾಮನೂರಿಗೆ ಬಂದು ನನ್ನನ್ನೇ ಕೇಳಬಹುದು. ಬಂದರೆ ಮೊಸಳೆಗಳ ವಿಷಯವನ್ನೂ ಸೇರಿಸಿ ಹೇಳುತ್ತೇನೆ.

ಅಂಥ ಕಾರಿನ ಬಾನೆಟ್ಟಿನ ಮೇಲೆ ಬಾಗಿ, ಆ ಭಾನುವಾರ ಮಧ್ಯಾಹ್ನ ನಾನು ಉಸಿರು ಬಿಗಿಹಿಡಿದು ಎರಡನೇ ಕೋಟು ಎಳೆಯುತ್ತಿದ್ದೆ. ಬ್ರಶ್ಶಿನ ಕೂದಲು ಉದುರುತ್ತಿದ್ದವು. ಒಂದನ್ನು ಉಗುರಿನಿಂದ ಹೆಕ್ಕಿದರೆ ಅಲ್ಲೊಂದು ಗೀರು. ಗೀರು ಮುಚ್ಚಲು ಮತ್ತೆ ಬ್ರಶ್ಶು. ಬ್ರಶ್ಶಿನಿಂದ ಮತ್ತೊಂದು ಕೂದಲು. ಮನೆಯ ಮುಂದಿನ ಅಂಗಳದಲ್ಲಿ ನಾಲ್ಕು ಗಳ ನೆಟ್ಟು, ರಸ್ತೆಯ ಧೂಳು ಬರದ ಹಾಗೆ ಸುತ್ತಲೂ ಅವ್ವನ ಹಳೆಯ ಸೀರೆಗಳನ್ನು ಕಟ್ಟಿದ್ದೆ. ಅವ್ವ ಮದುವೆಯಾಗಿ ಬಂದಾಗಿನಿಂದ ಉಟ್ಟ ಸೀರೆಗಳೆಲ್ಲ ಅಲ್ಲಿದ್ದವು. ಒಳಗೆ ಕೆಂಪು ಹಸಿರು ಬೆಳಕು ಬಿದ್ದು, ನಾನು ಹೊಡೆಯುತ್ತಿದ್ದ ನೀಲಿ ನಿಜಕ್ಕೂ ಯಾವ ನೀಲಿ ಎಂಬುದು ನನಗೇ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಮನೆಯ ಆಟೋ ತಿಮ್ಮೇಶ್ ಒಂದು ಸೀರೆ ಸರಿಸಿ ಇಣುಕಿದ.

"ಏನಲೇ ರುದ್ರ, ಸೀರೆ ಮರೆ ಮಾಡಿಯಲ್ಲ, ಒಳಗೆ ಯಾರ್ದು ಹೆರಿಗೆ?"

"ಮುಟ್ಬ್ಯಾಡ!"

"ನಾನಿನ್ನೂ ಮುಟ್ಟೇ ಇಲ್ಲಲೇ."

"ನೋಡಲೂ ಬ್ಯಾಡ. ನೀನು ನೋಡಿದ್ರೂ ಧೂಳು ಕೂಡುತ್ತೆ."

ಅವನು ಹೋಗಲಿಲ್ಲ. ತಲೆಯೊಂದನ್ನೇ ಒಳಗಿಟ್ಟುಕೊಂಡು ನಿಂತ. "ನಾಳೆ ಬೆಳಿಗ್ಗೆ ಒಣಗುತ್ತೇನಲೇ ಇದು? ರಾತ್ರಿ ಇಬ್ಬನಿ ಹೆಂಗೆ ಬೀಳ್ತೈತೆ ನೋಡೀಯಾ? ಸುಮ್ಕೆ ನನ್ನ ಆಟೋದಾಗ ಹೋಗಿ ಹೆಂಡ್ತಿ ಕೂಸನ್ನ ಕರ್ಕೊಂಡು ಬಾ. ಬಾಡಿಗೆ ಬ್ಯಾಡ. ಸೀಟಿಗೆ ಹೊಸ ಕವರ್ ಹಾಕಿಸೀನಿ."

ಅವನು ಒಳ್ಳೆಯ ಮಾತು ಆಡಿದ್ದರಿಂದಲೇ ನನಗೆ ಸಿಟ್ಟು ಬಂತು. "ನನ್ನ ಕೂಸು ಆಟೋದಾಗ ಬರೋ ಕೂಸಲ್ಲ," ಎಂದೆ. ಅವನು ನಕ್ಕು ತಲೆ ಹೊರಗೆಳೆದುಕೊಂಡ. ಸೀರೆ ಬೀಸಿ ಬಂದ ಗಾಳಿಗೆ ಒಂದು ಚಿಟಿಕೆ ಮಣ್ಣು ಬಾನೆಟ್ಟಿನ ನಟ್ಟನಡುವೆ ಬಂದು ಕೂತಿತು.

ನನ್ನ ಹೆಂಡತಿ ಆಶಾರಾಣಿ ಚೊಚ್ಚಲ ಬಾಣಂತನಕ್ಕೆ ಹರಿಹರದ ತವರಿಗೆ ಹೋದವಳು ಮಗಳೊಂದಿಗೆ ಇನ್ನೂ ಅಲ್ಲೇ ಇದ್ದಳು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ಮೂರನೇ ತಿಂಗಳಲ್ಲಿ, ಇಲ್ಲವೇ ಐದರಲ್ಲಿ. ಬೆಸ ತಿಂಗಳೇ ಆಗಬೇಕು. ಮೂರರಲ್ಲಿ ಕೂಸಿಗೆ ಕೆಮ್ಮು ಎಂದು ಕಳಿಸಲಿಲ್ಲ. ಐದರಲ್ಲಿ ಉಳಿದಿದ್ದ ಒಳ್ಳೆಯ ದಿನ ಈ ಸೋಮವಾರ ಒಂದೇ. ಅದು ತಪ್ಪಿದರೆ ಆರರಲ್ಲಿ ಕಳಿಸುವ ಹಾಗಿಲ್ಲ, ಏಳಕ್ಕೇ ಹೋಗಬೇಕು. ಏಳಕ್ಕೆ ಹೋದದ್ದು ಒಂಬತ್ತಕ್ಕೂ ಹೋದೀತು ಎಂಬ ಹೆದರಿಕೆ ನನಗಿತ್ತು. ಯಾಕೆಂದರೆ ತಪ್ಪು ತಿಂಗಳದ್ದಾಗಿರಲಿಲ್ಲ, ನನ್ನ ಬಾಯಿಯದಾಗಿತ್ತು.

ಹರಿಹರದಲ್ಲಿ ಮೊಳೆ, ಬೀಗ, ಬಣ್ಣಗಳ ಅಂಗಡಿ ಇಟ್ಟಿರುವ ನನ್ನ ಮಾವ ಪಂಚಾಕ್ಷರಪ್ಪನವರ ಮನೆಯಲ್ಲಿ ತೊಟ್ಟಿಲು ಶಾಸ್ತ್ರ ನಡೆದಾಗ, ನನ್ನ ಷಡ್ಡಕ ದೊಡ್ಡ ಕಾರಿನಲ್ಲಿ ಬಂದಿಳಿದ. ಅವನಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ನಾನು ಬಸ್ಸಿನಲ್ಲಿ ಬಂದವನು, ಅಡುಗೆಯವರ ಪಕ್ಕ ನಿಂತಿದ್ದೆ. ಯಾರೂ ಕೇಳದಿದ್ದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ: "ನಂದೂ ಬುಕ್ ಆಗೈತೆ. ಹೊಸದು. ಕಡುನೀಲಿ. ಮಗಳನ್ನ ಅದರಾಗೇ ಕರ್ಕೊಂಡು ಹೋಗೋದು."

ಅವತ್ತು ಸಂಜೆ ಆಶಾರಾಣಿ ಫೋನು ಮಾಡಿದಳು. "ಬಸ್ಸಲ್ಲಿ ಬರ್ರಿ, ಬಸ್ಸಲ್ಲೇ ಬರ್ತೀನಿ. ತಿಮ್ಮೇಶಣ್ಣನ ಆಟೋ ತರ್ರಿ, ಆಟೋದಾಗ ಬರ್ತೀನಿ. ಸುಳ್ಳು ತಂದ್ರೆ ಮಾತ್ರ ಬರಲ್ಲ. ನಿಮ್ಮ ಮಾತಿಗೆ ಅಕ್ಕ, ಭಾವ ಮುಸಿಮುಸಿ ನಗೋದು, ನಾನು ಒಳಗೆ ಹೋಗಿ ಅಳೋದು, ಎರಡೂ ಸಾಕಾಗೈತೆ ನಂಗೆ."

"ನಾನೆಲ್ಲಿ ಸುಳ್ಳು ಹೇಳೀನಿ?" ಎಂದೆ. ಅಷ್ಟರಲ್ಲಿ ಅವಳು ಫೋನಿಟ್ಟಿದ್ದಳು.

ಕಾರಂತೂ ಸುಳ್ಳಾಗದ ಹಾಗೆ ನೋಡಿಕೊಂಡೆ. ಹದಡಿಯ ಬೋರಣ್ಣನ ಹೊಲದ ಮನೆಯಲ್ಲಿ ಒಂದು ಹಳೆಯ ಮಾರುತಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಕಾರು ಕೊಡಲು ಬೋರಣ್ಣ ಒಪ್ಪಿದ, ಇಳಿಯಲು ಕೋಳಿಗಳು ಒಪ್ಪಲಿಲ್ಲ. ಒಂದು ಹುಂಜವಂತೂ ಸ್ಟೇರಿಂಗ್ ಬಿಡದೆ ನನ್ನನ್ನು ದಾವಣಗೆರೆಯವರೆಗೆ ತಾನೇ ಕರೆತಂದಿತು. ಕಾರಿನ ಮೈಯೆಲ್ಲ ಒಂದು ಕಾಲದ ಬಿಳಿ, ಒಂದು ಬಾಗಿಲು ಬೂದಿ, ಇನ್ನೊಂದು ಹಳದಿ. ಗ್ಯಾರೇಜಿನವನು ಬಣ್ಣಕ್ಕೆ ಹೇಳಿದ ರೇಟಿಗೆ ಅಂಥದ್ದೇ ಇನ್ನೊಂದು ಕಾರು ಬರುತ್ತಿತ್ತು. ನಾನು ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗುವವನು. ಮಾವನ ಮನೆಯಲ್ಲಿ ಹೇಳಿದ್ದು, ಆಸ್ಪತ್ರೆ ನಡೆಸುತ್ತೇನೆ ಎಂದು. ಆ ಸಂಬಳದಲ್ಲಿ ಕಾರಿಗೆ ಕೊಟ್ಟು ಉಳಿದದ್ದು ಒಂದು ಡಬ್ಬಿ ಎನಾಮಲ್ ಬಣ್ಣಕ್ಕೆ, ಎರಡು ಬ್ರಶ್ಶಿಗೆ, ತುಕ್ಕು ಉಜ್ಜುವ ನಾಲ್ಕು ಎಮರಿ ಪೇಪರಿಗೆ ಸರಿಹೋಯಿತು. ಬಣ್ಣದಂಗಡಿಯವರೆಲ್ಲ ಒಬ್ಬರಿಗೊಬ್ಬರು ಗುರುತಿರುತ್ತಾರೆ, ಸುದ್ದಿ ಮಾವನ ಕಿವಿಗೆ ಬಿದ್ದೀತು ಎಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗಿ ತಂದಿದ್ದೆ.

"ಆರು ತಾಸಿಗೆ ಒಣಗುತ್ತೆ," ಎಂದಿದ್ದ ಅಂಗಡಿಯವನು. ಯಾವ ತಿಂಗಳಲ್ಲಿ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಇದು ಕಾರ್ತಿಕ.

ಸಂಜೆಗೆ ಮೂರನೇ ಕೋಟು ಮುಗಿಯಿತು. ಆಗ ವಿಡಿಯೋ ಕಾಲ್ ಬಂತು. ನಾನು ಗೋಡೆಗೆ ಬೆನ್ನು ಕೊಟ್ಟು, ಕಾರು ಕಾಣದ ಹಾಗೆ ಕೂತೆ. ಆಶಾರಾಣಿಯ ತೋಳಲ್ಲಿ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು.

"ಕಾರು ತೋರಿಸ್ರಿ."

"ಡೆಲಿವರಿ ನಾಳೆ ಬೆಳಿಗ್ಗೆ. ಶೋರೂಮ್‌ನೋರು ಹಾರ ಹಾಕಿ, ಬ್ಯಾಂಡ್ ಬಾರಿಸಿ ಕೊಡ್ತಾರಂತೆ."

ಅವಳು ಫೋನನ್ನು ಕಣ್ಣಿನ ಹತ್ತಿರ ತಂದಳು. "ಕಿವಿ ಯಾಕ ನೀಲಿ ಐತೆ?"

"ನೆಟ್‌ವರ್ಕ್. ಶಾಮನೂರಿನಾಗೆ ನೆಟ್‌ವರ್ಕ್ ನೀಲಿ ಬರುತ್ತೆ."

ಅವಳು ನಗಲಿಲ್ಲ. "ಕೂಸಿನ ಬಟ್ಟೆ ಎಲ್ಲ ಗಂಟು ಕಟ್ಟೀನಿ," ಎಂದಳು. "ಗಂಟು ಬಿಚ್ಚೋಕೆ ಹೊತ್ತು ಬೇಕಾಗಲ್ಲ."

ಫೋನು ಇಟ್ಟ ಮೇಲೆ ನಾನು ಒಂದು ಬೆರಳ ತುದಿಯನ್ನು ಬಾನೆಟ್ಟಿನ ಅಂಚಿಗೆ ತಾಕಿಸಿದೆ. ಬೆರಳು ಅಂಟಿತು. ಎತ್ತಿದಾಗ ಸಣ್ಣ ನೂಲಿನಂಥ ನೀಲಿ ಎಳೆ ಬೆರಳ ಜೊತೆಗೇ ಬಂತು. ಬಾಯಿಂದ ಊದಿದೆ. ರಟ್ಟು ಬೀಸಿದೆ. ಮನೆಯ ಟೇಬಲ್ ಫ್ಯಾನನ್ನು ಹೊರಗೆ ತಂದು ಹಚ್ಚಿದೆ. ಅದು ಒಣಗಿಸುವ ಬದಲು ಎಲ್ಲಿಂದಲೋ ಎರಡು ಗುಂಗುರು ಹುಳಗಳನ್ನು ತಂದು ಕಾರಿನ ಛಾವಣಿಗೆ ಅಂಟಿಸಿತು.

"ಒಣಗೈತೇನೋ?" ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ದನಿಯಲ್ಲೂ ಭಯವಿತ್ತು. ಮೊಮ್ಮಗಳನ್ನು ಅವಳು ಮನೆಯಲ್ಲಿ ಒಂದು ದಿನವೂ ಎತ್ತಿ ಆಡಿಸಿರಲಿಲ್ಲ. ಅವಳಿಗೆ ಧೈರ್ಯ ಹೇಳಬೇಕಿತ್ತು. ನನಗೆ ಧೈರ್ಯ ಹೇಳಲು ಬರುವುದು ಒಂದೇ ರೀತಿ.

"ಒಣಗೋದೇನು, ಕಲ್ಲಾಗೈತೆ. ಬೇಕಾದ್ರೆ ನಾಳೆ ಅದರ ಮ್ಯಾಲೆ ರೊಟ್ಟಿ ಬಡಿ."

ಸೋಮವಾರ ಬೆಳಕು ಹರಿಯುವಾಗ ನಾನು ಎದ್ದು ಬಂದರೆ, ಅವ್ವ ಆಗಲೇ ಸ್ನಾನ ಮಾಡಿ, ಪೂಜೆ ಮುಗಿಸಿ, ಒದ್ದೆ ಕೂದಲಲ್ಲಿ ಕಾರಿನ ಮುಂದೆ ನಿಂತಿದ್ದಳು. ಕೈಯಲ್ಲಿ ವಿಭೂತಿ ಗಟ್ಟಿ. ನಾನು ಬಾಯಿ ತೆಗೆಯುವುದರೊಳಗೆ ಅವಳ ಮೂರು ಬೆರಳು ಬಾನೆಟ್ಟಿನ ಎಡದಿಂದ ಬಲಕ್ಕೆ ಭಕ್ತಿಯಿಂದ ಸಾಗಿದ್ದವು. ನಮ್ಮ ಮನೆಯಲ್ಲಿ ಹೊಸ ಪೊರಕೆ ತಂದರೂ ಅದಕ್ಕೆ ವಿಭೂತಿ ಹಚ್ಚದೆ ಕಸ ಗುಡಿಸುವುದಿಲ್ಲ. ಇನ್ನು ಮೊಮ್ಮಗಳನ್ನು ಕರೆತರುವ ಕಾರು.

ಬೆರಳು ಸಾಗಿದಲ್ಲೆಲ್ಲ ನೀಲಿ ಸುಲಿದು, ಕೆಳಗಿನ ಹಳೆಯ ಬಿಳಿ ಮೂರು ಸಾಲಾಗಿ ಎದ್ದಿತ್ತು. ಅವ್ವ ತನ್ನ ಬೆರಳನ್ನು ನೋಡಿಕೊಂಡಳು. ಗಾಬರಿಯಲ್ಲಿ ಸರಿಮಾಡಲು ಹೋಗಿ ಸೆರಗಿನಿಂದ ಒರೆಸಿದಳು. ಮೂರು ಸಾಲು ಇದ್ದದ್ದು ಒಂದು ಕೆರೆಯಾಯಿತು.

"ರೊಟ್ಟಿ ಬಡಿಬೌದು ಅಂದಿದ್ದೆಲ್ಲಪ್ಪ ನೀನು," ಎಂದಳು. "ಒಣಗಿಲ್ಲ ಅಂದಿದ್ರೆ ನಾನ್ಯಾಕ ಮುಟ್ತಿದ್ದೆ?"

ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕಡ್ಡಿಯಿಂದ ಕೆರೆದು, ಬಾನೆಟ್ಟಿಗೆ ಪೂರ್ತಿ ಮತ್ತೊಂದು ಕೋಟು ಎಳೆದೆ. ರಾಹುಕಾಲ ಮುಗಿಯುವವರೆಗೆ ಹೊರಡುವ ಹಾಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ರಾಹುಕಾಲ ಇನ್ನಷ್ಟು ಉದ್ದ ಇರಬಾರದಿತ್ತೇ ಅನ್ನಿಸಿತು. ಬಿಸಿಲು ಸೀರೆಗಳ ಮೇಲಿಂದ ಇಳಿದು ಬಂದು ಬಾನೆಟ್ಟು ಕೆರೆಯ ನೀರಿನ ಹಾಗೆ ಹೊಳೆಯಿತು, ಒದ್ದೆಯಾಗಿದ್ದರಿಂದಲೇ ಹೊಳೆಯಿತು.

ಒಂಬತ್ತಕ್ಕೆ ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ತೊಡೆಯ ಮೇಲೆ ಉಡಿ ಸಾಮಾನಿನ ಬುಟ್ಟಿ: ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಕುಬಸದ ಖಣ. ಊರೊಳಗೆ ನಾನು ಸೈಕಲ್ಲಿಗಿಂತ ನಿಧಾನ ಹೋದೆ. ಮುಂದೆ ಲಾರಿ ಕಂಡರೆ ನಿಲ್ಲಿಸಿದೆ. ದನ ಕಂಡರೆ ನಿಲ್ಲಿಸಿದೆ. ಹರಿಹರದ ರಸ್ತೆಗೆ ಬಿದ್ದ ಮೇಲೆ ಸ್ವಲ್ಪ ಜೀವ ಬಂತು. "ನೋಡಿದ್ಯಾ ಅವ್ವ, ವಿಮಾನ ಹೋದಂಗೆ ಹೋಗುತ್ತೆ," ಎಂದೆ. ಅವ್ವ ನೀಲಿ ಮೆತ್ತಿದ ಬಲಗೈಯ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಬಾತಿ ಗುಡ್ಡ ದಾಟುವಾಗ ಕಂಡಿತು. ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ಅದರ ಕೊನೆಯಲ್ಲಿ ಒಂದು ಮಿಷನ್ನು ತೆನೆ ಬಿಡಿಸುತ್ತ, ಹೊಟ್ಟನ್ನು ಆಕಾಶಕ್ಕೆ ಉಗುಳುತ್ತಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಹಿಂದೆ ಬಸ್ಸು ಹಾರನ್ ಒತ್ತುತ್ತಿತ್ತು, ನಿಲ್ಲುವ ಹಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ನುಗ್ಗಿದೆ. ಆಚೆಗೆ ಹೋಗಿ ನಿಲ್ಲಿಸಿ ಇಳಿದು ನೋಡಿದರೆ ಬಾನೆಟ್ಟು ಇರಲಿಲ್ಲ. ಅಲ್ಲಿ ಒಂದು ಕಂಬಳಿ ಇತ್ತು. ಕೆನೆಬಣ್ಣದ, ತೆಳ್ಳನೆಯ, ಗಾಳಿಗೆ ನಡುಗುವ ಸಿಪ್ಪೆಗಳ ಕಂಬಳಿ. ಒಂದು ಸಿಪ್ಪೆ ಕಿತ್ತೆ, ಅದರೊಡನೆ ಬಣ್ಣ ಬಂತು. ಇನ್ನೊಂದು ಕೀಳಲು ಧೈರ್ಯವಾಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಡಿಕೆ ಗಿಡಿಕೆ ಎಳೆದು ನೋಡಿ, ಮತ್ತೆ ಬಂದು ಕೂತೆ.

"ತಿರುಗಿ ಹೋಗಾನಾ?" ಎಂದು ಅವ್ವ ಕೇಳಿದಳು.

ತಿರುಗಿ ಹೋದರೆ ಏಳನೇ ತಿಂಗಳು. ಗಾಡಿ ಸ್ಟಾರ್ಟ್ ಮಾಡಿದೆ.

ಮಾವನ ಅಂಗಡಿ ಹರಿಹರದ ಪೇಟೆಯೊಳಗೆ. ಕೆಳಗೆ ಅಂಗಡಿ, ಮೇಲೆ ಮನೆ. ನದಿ, ಸೇತುವೆ ಎಲ್ಲ ಇನ್ನೂ ಮುಂದೆ. ಅಲ್ಲಿಯವರೆಗೆ ನಾವು ಹೋಗಲೇ ಇಲ್ಲ. ತುಂಗಭದ್ರೆ ಅಷ್ಟು ದೂರದಿಂದಲೇ ನೋಡಿರಬೇಕು. ಮಗಳನ್ನು ಕಳಿಸುವ ದಿನವೆಂದು ಮಾವ ಅಂಗಡಿ ಮುಚ್ಚಿ, ಬಿಳಿ ಪಂಚೆಯುಟ್ಟು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅಕ್ಕಪಕ್ಕದ ಅಂಗಡಿಯ ನಾಲ್ಕು ಜನರೂ ಕಾಯುತ್ತಿದ್ದರು. ತೊಟ್ಟಿಲು ಶಾಸ್ತ್ರದ ದಿನ ನನ್ನ ಮಾತು ಅಷ್ಟು ದೂರ ಹೋಗಿತ್ತು.

"ಬರ್ರಿ ಅಳಿಯಂದ್ರೇ. ಬರ್ರಿ ಬೀಗ್ತಿಯವ್ರೇ," ಎಂದು ಮಾವ ಇಳಿದು ಬಂದರು. ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. "ಇದೇನ್ರಿ, ಹೊಸ ಕಾರು?"

"ಇದೇ ಮಾವಾರೆ. ಬಣ್ಣ ನೋಡ್ರಿ. ಬೆಂಗಳೂರಾಗೆ ದೊಡ್ಡ ಒಲೆ ಒಳಗೆ ಇಟ್ಟು ಬೇಯಿಸ್ತಾರೆ."

"ಮ್ಯಾಲಿರೋದು?"

"ಮಖಮಲ್ ಫಿನಿಶ್ ಅಂತಾರೆ. ಈಗ ಬಂದಿರೋ ಫ್ಯಾಶನ್."

ಮಾವ ಒಂದು ಸಿಪ್ಪೆ ಕಿತ್ತು, ಬೆಳಕಿಗೆ ಹಿಡಿದು, "ಮೆಕ್ಕೆಜೋಳದ ಮಖಮಲ್," ಎಂದರು. ಪಕ್ಕದ ಅಂಗಡಿಯ ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ. ಹೆಬ್ಬೆರಳನ್ನು ಬಾನೆಟ್ಟಿಗೆ ಒತ್ತಿದರು, ಮೂಗಿಗೆ ಹಿಡಿದು ಮೂಸಿದರು. ಆಮೇಲೆ ನಾಲ್ಕು ಹೆಜ್ಜೆ ನಡೆದು ಹೋಗಿ, ಅದೇ ಹೆಬ್ಬೆರಳನ್ನು ತಮ್ಮ ಅಂಗಡಿಯ ಮುಚ್ಚಿದ ಶಟರಿಗೆ ಒತ್ತಿದರು. ಒತ್ತಿದ ಗುರುತು ಎಲ್ಲೂ ಕಾಣಲಿಲ್ಲ. ನೀಲಿಯೊಳಗೆ ನೀಲಿ ಸೇರಿಹೋಯಿತು.

"ನಮ್ಮಲ್ಲೂ ಇದೇ ಡಬ್ಬಿ ಐತೆ ರುದ್ರಮುನಿಯವ್ರೇ," ಎಂದರು ಮೆಲ್ಲಗೆ. "ಶಟರಿಗೆ ಅಂತ ಒಯ್ತಾರೆ ಜನ."

ಈಗ ಎಲ್ಲರೂ ನಕ್ಕರು. ಅಷ್ಟರಲ್ಲಿ ಆಶಾರಾಣಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ಗಂಟು ಕೈಯಲ್ಲಿ ಇರಲಿಲ್ಲ. ಅದನ್ನು ನಾನು ಮೊದಲು ನೋಡಿದೆ. ಅವಳು ಬಾಗಿ ಅವ್ವನ ಕಾಲು ಮುಟ್ಟಿದಳು. ಅವ್ವ ಎಲ್ಲ ಮರೆತು, ಸೆರಗಿನಿಂದ ಬಲಗೈ ತೆಗೆದು ಅವಳ ತಲೆಯ ಮೇಲಿಟ್ಟಳು.

"ಅತ್ತೆ, ಬೆರಳಿಗೆ ಏನಿದು?"

"ನನ್ನ ಕೇಳಬ್ಯಾಡವ್ವ," ಎಂದಳು ಅವ್ವ. "ನನ್ನ ಬಾಯಾಗೆ ನಿಜ ಬಂದುಬಿಡುತ್ತೆ."

ಆಶಾರಾಣಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹೇಳ್ರಿ," ಎಂದಳು.

ನನ್ನ ನಾಲಿಗೆಯ ತುದಿಯಲ್ಲಿ ಒಳ್ಳೊಳ್ಳೆಯ ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು. ಶೋರೂಮಿನವರೇ ಮೋಸ ಮಾಡಿದರು ಎನ್ನಬಹುದಿತ್ತು. ಹೊಸ ಕಾರು ಮನೆಯಲ್ಲೇ ಇದೆ, ಇದು ಸ್ನೇಹಿತನದು ಎನ್ನಬಹುದಿತ್ತು. ಬಾಯಿ ತೆಗೆದೆ. ಕೂಸು ಅಮ್ಮನ ಹೆಗಲಿನಿಂದ ಕತ್ತು ಹೊರಳಿಸಿ, ಈ ಮನುಷ್ಯ ಯಾರು ಎಂಬಂತೆ ನನ್ನನ್ನು ನೋಡಿತು. ಅದಕ್ಕೆ ನನ್ನ ಗುರುತೇ ಇರಲಿಲ್ಲ.

"ಹೊಸದಲ್ಲ," ಎಂದೆ. "ಹದಡಿ ಬೋರಣ್ಣಂದು. ಅದರಾಗೆ ಕೋಳಿ ಇರ್ತಿದ್ವು. ಬೆಂಗಳೂರು ಇಲ್ಲ, ಒಲೆ ಇಲ್ಲ. ನಾನೇ ಹೊಡೆದಿದ್ದು, ಮನೆ ಮುಂದೆ, ಅವ್ವನ ಸೀರೆ ಕಟ್ಕೊಂಡು. ಒಣಗಿಲ್ಲ. ಬುಕ್ ಮಾಡೀನಿ ಅಂದಿದ್ದೂ ಸುಳ್ಳು. ಆಸ್ಪತ್ರೆ ನಡೆಸ್ತೀನಿ ಅಂದಿದ್ದೂ ಸುಳ್ಳು ಮಾವಾರೆ. ಅಲ್ಲಿ ನಾನು ಹೆಸರು ಕೂಗ್ತೀನಿ."

"ಅದು ಮದುವಿಗೆ ಮುಂಚೇನೇ ಗೊತ್ತಿತ್ತು," ಎಂದರು ಮಾವ.

ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದ್ದರು. ಒಬ್ಬೊಬ್ಬರೇ ತಮ್ಮ ಅಂಗಡಿಗಳ ಕಡೆ ಸರಿದರು.

"ಮುಗೀತಾ?" ಎಂದಳು ಆಶಾರಾಣಿ.

"ಮುಗೀತು."

ಅವಳು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಮುಗಿದಿಲ್ಲ," ಎಂದೆ. "ಹಿಂದಿನ ಬಾಗಿಲು ಎರಡೂ ತೆಗೆಯೋಕೆ ಬರಲ್ಲ. ಬಣ್ಣ ಹಿಡ್ಕೊಂಡೈತೆ. ಬಾತಿ ಹತ್ರ ಇಳಿದಾಗಲೇ ಗೊತ್ತಾತು. ನಿನ್ನನ್ನ, ಕೂಸನ್ನ ಎಲ್ಲಿ ಕೂಡಿಸ್ಲಿ ಅಂತ ಅಲ್ಲಿಂದ ಯೋಚನೆ ಮಾಡ್ಕೊಂಡೇ ಬಂದೆ. ಏನೂ ಹೊಳೀಲಿಲ್ಲ."

ಮಾವ ಶಟರನ್ನು ಮೊಣಕಾಲಿನಷ್ಟು ಎತ್ತಿ, ಬಗ್ಗಿ ಒಳಗೆ ಹೋದರು. ಬರುವಾಗ ಗೋಡೆಗೆ ಪುಟ್ಟಿ ಎಳೆಯುವ ತೆಳ್ಳನೆಯ ತಗಡು ತಂದರು. ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ಹಿಂದಿನ ಬಾಗಿಲ ಸಂದಿಗೆ ಅದರ ಅಂಚನ್ನು ಇಟ್ಟು, ಮೇಲಿನಿಂದ ಕೆಳಗೆ ಮೆಲ್ಲಗೆ ಎಳೆದರು. ಸಂದಿಯಿಂದ ನೀಲಿಯ ಸಣ್ಣ ಸುರುಳಿ ಎದ್ದು, ಉದ್ದವಾಗುತ್ತ ನೆಲಕ್ಕಿಳಿಯಿತು.

ಆಶಾರಾಣಿ ಕೂಸನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡು, ಬಾಗಿಲಿಂದ ಒಂದು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. "ಗಂಟು ಇನ್ನೂ ಬಿಚ್ಚಿಲ್ಲ," ಎಂದಳು.